ಟ್ರೆಜರಿಯಾಗಿನ ಪಂಪು

ಅವ್ವಾ,

ಹ್ವಾದ ರವಿವಾರ ನಿಮ್ಮ ಮನಿಗೆ ಬಂದಾಗ ಟವೆಲ್ ಹುಡುಕಾಕ ಅಂತ ಟ್ರೆಜರಿ ತಗದಿದ್ದೆ, ಸೀರಿ ಕೆಳಗ ನಿನ್ನ ದಮ್ಮಿನ ಎರಡೂ ಪಂಪ್ (ಇನ್‌ಹೇಲರ್) ಕಂಡ್ವು. ನೀಲೀದು ಅಲ್ಲಾಡಿಸಿ ನೋಡಿದೆ, ಬಾಳ ಹಗುರ ಆಗೇತಿ. ಇನ್ನೊಂದು, ದಿನಾ ಮುಂಜಾನೆ ಸಂಜಿ ತಗೊಳ್ಳೋದು, ಅದರ ಪ್ಯಾಕಿಂಗ್ ಸೈತ ಒಡದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಅಡತಿ ಅಂಗಡ್ಯಾಗ ಮೂವತ್ತು ವರ್ಷ ಲೆಕ್ಕಾ ಬರದ ಕೈ ಇದು, ಯಾವ ಮಾಲು ಖರ್ಚಾಗೇತಿ ಯಾವ್ದು ಕುಂತೇತಿ ಅನ್ನೋದು ಕೇಳಬೇಕಾಗಂಗಿಲ್ಲ. ಅವತ್ತ ಎಲ್ಲಾರ ಮುಂದ ಏನೂ ಅನ್ಲಿಲ್ಲ, ಅದಕ್ಕ ಈಗ ಮೊಬೈಲ್‌ನ್ಯಾಗ ಒಂದೊಂದ ಅಕ್ಷರ ಒತ್ತಾಕತ್ತೀನಿ, ತಪ್ಪಿದ್ರ ತಿದ್ದಿ ಓದ್ಕೋ.

ಬಸರಿ ಇದ್ದಾಗ ಪಂಪ್ ಹೊಡ್ಕೊಂಡ್ರ ಕೂಸಿಗೆ ಸ್ಟೀರಾಯ್ಡ್ ಹತ್ತತೈತಿ ಅಂತ ಯಾರೋ ಹೇಳಿರ್ಬೇಕು ನಿನಗ. ಯಾರಂತ ಕೇಳಂಗಿಲ್ಲ, ಅವ್ರ ಮ್ಯಾಲ ನನಗ ಸಿಟ್ಟೂ ಇಲ್ಲ. ಯಾಕಂದ್ರ ನೀ ಹೊಟ್ಟ್ಯಾಗಿದ್ದಾಗ ನಿಮ್ಮವ್ವಗ ಹಂಗ ಹೇಳಿದಾಂವ ನಾನ.

1997ರ ಫೆಬ್ರುವರಿ ಅದು. ಹಾವೇರಿ ಇನ್ನೂ ಜಿಲ್ಲಾ ಆಗಿರ್ಲಿಲ್ಲ, ಅದೇ ವರ್ಷ ಆಗಸ್ಟ್‌ದಾಗ ಆತು, ನಾವಿನ್ನೂ ಧಾರವಾಡ ಜಿಲ್ಲಾದವ್ರು. ಸೀಸನ್ ಜೋರು, ಸೋಮವಾರ ಗುರುವಾರ ಪ್ಯಾಟಿ ದಿನ ಬಂತಂದ್ರ ಊರಿಗೆ ಊರ ಸೀನತಿತ್ತು. ಹಗಲೆಲ್ಲಾ ಚೀಲ ಸುರುವಿದ ಧೂಳಾಗ ಕುಂತು ರಾತ್ರಿ ಅದೇ ಅಂಗಿ ಮ್ಯಾಲ ಮನಿಗೆ ಬರ್ತಿದ್ದೆ, ನಾ ಬಾಗಿಲಾ ದಾಟೂದ್ರಾಗ ಆಕಿ ಕೆಮ್ಮಾಕ ಚಾಲೂ ಮಾಡ್ತಿದ್ಲು, ನಾ ಏನಂತಿದ್ದೆ ಗೊತ್ತೇನು, ನನ್ನ ನೋಡಿದ್ ಕೂಡ್ಲೇ ನಿನಗ ಕೆಮ್ಮು ಬರ್ತೈತಲ್ಲ ಅಂತ ಚ್ಯಾಷ್ಟಿ. ಏಳನೇ ತಿಂಗಳು. ಪಂಪ್ ತೀರಿತ್ತು. ತಂದುಕೊಡ್ರಿ ಅಂದ್ಲು, ನಾ ಹೆರಿಗಿ ಆದಮ್ಯಾಲ ತರೂಣ ಸುಮ್ನಿರು ಕೂಸಿಗೆ ತ್ರಾಸ್ ಆಕೈತಿ ಅಂದೆ. ರೊಕ್ಕದ ಮಾರಿ ನೋಡಿದ್ದೂ ಖರೆ, ಅದನ್ನ ಮುಚ್ಚಿಡಂಗಿಲ್ಲ.

ಒಂದು ನೆಗಡಿ ಬಂತು ನೋಡು, ಅಷ್ಟ. ಮೂರನೇ ದಿನ ಗುರುವಾರ ರಾತ್ರಿ ಬಂದು ನೋಡಿದ್ರ ಹಾಸಿಗಿ ಸುರಳಿಗೆ ಮುಂದಕ್ಕ ಬಗ್ಗಿ ಕುಂತಾಳ, ಎದಿ ಸೊಂಯ್ ಸೊಂಯ್ ಅನ್ನಾಕತ್ತೈತಿ, ಮಾತಾಡಾಕ ಬರವಲ್ದು, ಕೈಲೆ ಕಿಡಕಿ ತೋರಿಸ್ತಾಳ. ಘಾಟ ಬರ್ತೈತಂತ ಆ ಕಿಡಕಿ ಹಾಕಿ ಹೋದಾಂವನೂ ನಾನ. ಅಷ್ಟೊತ್ತಿನ್ಯಾಗ ಸಿಕ್ಕ ಗಾಡಿ ಅಂದ್ರ ಮೆಣಸಿನಕಾಯಿ ಚೀಲ ತುಂಬಿದ್ದ ಒಂದು ಟೆಂಪೋ! ಇಳಿಸಾಕ ಹಮಾಲ್ರೂ ಇಲ್ಲ ಟೈಮೂ ಇಲ್ಲ, ಮುಂದ ಡ್ರೈವರ್ ಮಗ್ಗಲಕ ಕುಂದ್ರಿಸಿ ಹಸಿ ಸೆರಗು ಮೂಗಿಗೆ ಹಿಡದು ಮೋಟೆಬೆನ್ನೂರಿಂದ ಪಿ.ಬಿ. ರೋಡ್ ಹಿಡದ್ವಿ. ಹುಬ್ಬಳ್ಳಿ ಮುಟ್ಟೂತನಕ ಆಕಿ ಉಗುರು ನನ್ನ ಮುಂಗೈಯಾಗ ಇಳದಿದ್ವು, ಗುರುತ ಇನ್ನೂ ಐತಿ, ನೀ ಸಣ್ಣಾಕಿದ್ದಾಗ ಇದೇನಪ್ಪಾ ಅಂತ ಕೇಳಿದ್ರ ಬೆಕ್ಕು ಪರಚೇತಿ ಅಂತಿದ್ದೆ.

ಆಕ್ಸಿಜನ್ ಹಾಕಿ ಮಶೀನಿನ ಔಷಧದ ಹೊಗಿ ಕೊಟ್ಟಮ್ಯಾಲ ಬೆಳಗಿನ ಜಾವ ಡಾಕ್ಟ್ರಮ್ಮ ಬಂದು ಕೇಳಿದ್ರು, ಪಂಪ್ ಯಾಕ ಬಿಟ್ಟಿ ಅಂತ. ನಿಮ್ಮವ್ವ ನನ್ನ ಕಡೆ ಒಂದ್ಸಲ ನೋಡಿದ್ಲು. ನಾನ ಬಿಟ್ಟೆರಿ ಅಂದ್ಲು. ಆಮ್ಯಾಲ ಇಷ್ಟು ವರ್ಷದಾಗ ಒಂದ್ಸಲನೂ ಆ ಮಾತು ತಗದಿಲ್ಲ, ನಿನಗೂ ಹೇಳಿರಂಗಿಲ್ಲ. ಮಾರ್ಚ್‌ದಾಗ, ದಿನ ತುಂಬೂಕಿಂತ ಮೊದಲ, ನೀ ಹುಟ್ಟಿದಿ, ಒಂದು ಕಿಲೋ ಒಂಬೈನೂರು ಗ್ರಾಂ. ಊರವ್ರು ಬಸರ್ಯಾಗ ಸರಿ ಉಂಡಿಲ್ಲ ಅಂತ ಆಕೀಗೆ ಅಂದ್ರು, ಅದನ್ನೂ ಕೇಳಿಸ್ಕೊಂಡ ಸುಮ್ನಿದ್ದೆ ನಾ. ಇದಕ್ಕ ಇದ ಕಾರಣ ಅಂತ ಡಾಕ್ಟ್ರಮ್ಮ ಹೇಳ್ಲಿಲ್ಲ, ಆದ್ರ ದಮ್ಮು ಹಿಡಿತದಾಗ ಇರ್ಲಿಲ್ಲ ಅಂದ್ರ ತೂಕ ಕಡಿಮಿ ಆಗೂದು, ಲಗೂ ಹೆರಿಗಿ, ತಾಯಿಗೆ ಬಿಪಿ ಏರೂದು ಇವೆಲ್ಲ ಹೆಚ್ಚು ಅಂದ್ರು. ಕೂಸು ತಾನ ಉಸಿರಾಡಂಗಿಲ್ಲಲ್ಲ, ತಾಯಿ ರಕ್ತದಾಗಿನ ಆಕ್ಸಿಜನ್ನೇ ಅದಕ್ಕ. ಆಕೀಗೆ ಕಡಿಮಿ ಬಿತ್ತಂದ್ರ ಅದಕ್ಕೂ ಬಿತ್ತು.

ಔಷಧದ ಲೆಕ್ಕ ಮಾತ್ರ ನಾ ಮುಂದ ಕುಂತು ಕೇಳಿ ತಿಳ್ಕೊಂಡೆ, ಲೆಕ್ಕಾ ಅಂದ್ರ ನನಗ ಲಗೂ ತಲಿಗೆ ಹೋಗ್ತೈತಿ. ನಿನ್ನ ನೀಲಿ ಪಂಪಿನ್ಯಾಗ, ಸಾಲ್ಬುಟಮಾಲ್ ಅಂತಾರಲ್ಲ, ಒಂದು ಪಫ್‌ಗೆ 100 ಮೈಕ್ರೋಗ್ರಾಂ. ಅದೇ ಔಷಧದ 4 ಮಿಲಿಗ್ರಾಂ ಗುಳಿಗಿ ನುಂಗಿದ್ರ 40 ಪಫ್‌ನಷ್ಟು ಮೈಯಾಗ ಹೋತು. ಪಂಪಿಂದು ನೆಟ್ಟಗ ಪುಪ್ಪುಸಕ್ಕ ಹೋಗ್ತೈತಿ, ರಕ್ತಕ್ಕ ಸೇರೂದು ಬಾಳ ಸ್ವಲ್ಪ. ನಿನ್ನ ದಿನದ ಪಂಪ್‌ನ್ಯಾಗಿಂದು ಬುಡೆಸೊನೈಡ್ ಅನ್ನೂ ಸ್ಟೀರಾಯ್ಡ್, ಅದೂ ಮೈಕ್ರೋಗ್ರಾಂ ಲೆಕ್ಕನ, ಬಸರ್ಯಾರಿಗೆ ಅದನ್ನ ಕೊಟ್ಟು ನೋಡಿದ ಅನುಭವ ಡಾಕ್ಟ್ರಿಗೆ ಬಾಳ ವರ್ಷದ್ದು ಐತಿ, ಅದಕ್ಕ ಧೈರ್ಯಲೆ ಕೊಡ್ತಾರ. ನೀ ಏನ್ ಮಾಡಾಕತ್ತಿ ಅಂದ್ರ ಅದನ್ನ ಬಿಟ್ಟು, ದಮ್ಮು ಬಂದಾಗ ಬಂದಾಗ ನೀಲೀದು ಹೊಡ್ಕೊಳ್ಳಾಕತ್ತಿ. ಮಳಿ ಬಂದಾಗೊಮ್ಮೆ ಬುಟ್ಟಿ ಹಿಡಿಯೂದು, ಮಾಳಿಗಿ ಮಾತ್ರ ರಿಪೇರಿ ಮಾಡಂಗಿಲ್ಲ.

ಬಸರ್ಯಾಗ ದಮ್ಮು ಮೂರು ಮಂದ್ಯಾಗ ಒಬ್ಬಾಕೀಗೆ ಹೆಚ್ಚಾಕೈತಿ, ಒಬ್ಬಾಕೀಗೆ ಕಡಿಮಿ, ಒಬ್ಬಾಕೀದು ಇದ್ದಂಗ ಇರ್ತೈತಿ ಅಂತಾರ. ನೀ ಯಾರಂತ ಮೊದಲ ಗೊತ್ತಾಗಂಗಿಲ್ಲ. ಹೆಚ್ಚು ಕಾಡೂದು 24ನೇ ವಾರದಿಂದ 36ನೇ ವಾರದ ತನಕ, ನಿನಗ ಈಗ 22 ನಡದೈತಿ. ಮೆಟ್ಟಲಾ ಏರಿದ್ರ ತೇಕು ಬಂತಂದ್ರ ಅದು ಬಸರಿದು, ಅಂಜಬ್ಯಾಡ. ರಾತ್ರಿ ಮೂರಕ್ಕ ಕೆಮ್ಮಿ ಎಚ್ಚರ ಆದ್ರ, ಎದಿ ಸೊಂಯ್ ಅಂದ್ರ ಅದು ಬಸರಿದಲ್ಲ. ನೀಲಿ ಪಂಪಿಗೂ ಜಗ್ಗವಲ್ದು, ಮಾತು ಪೂರ್ತಿ ಮುಗಿಸಾಕ ಆಗವಲ್ದು, ಕೂಸಿನ ಹೊರಳಾಟ ಕಡಿಮಿ ಅನಸ್ತು ಅಂದ್ರ ಅಳಿಯಂದ್ರನ್ನ ಎಬ್ಬಿಸು, ಬೆಳಗಾಗ್ಲಿ ಅಂತ ಕಾಯಬ್ಯಾಡ.

ಡಾಕ್ಟ್ರಿಗೆ ಪಂಪ್ ಬಿಟ್ಟಿದ್ದು ಖರೇನ ಹೇಳು, ಬೈದ್ರ ಬೈಸ್ಕೊ. ಫ್ಲೂ ಇಂಜೆಕ್ಷನ್ ಕೇಳು. ಪಂಪಿಗೆ ಸ್ಪೇಸರ್, ಅಂದ್ರ ಆ ಪ್ಲಾಸ್ಟಿಕ್ ಕೊಳವಿ, ಹಚ್ಕೊಂಡು ತಗೋ, ಉಸಿರು ಒಳಗ ಎಳದು ಹತ್ತು ಎಣಸೂತನಕ ಹಿಡಿ, ದಿನದ್ದು ತಗೊಂಡಮ್ಯಾಲ ಬಾಯಿ ಮುಕ್ಕಳಿಸು. ಹೆರಿಗಿ ವಾರ್ಡಿನ್ಯಾಗ ಮೊದಲ ಹೇಳೂ ಮಾತು ದಮ್ಮು ಐತಿ ಅಂತ, ಹೆರಿಗಿ ಆದಮ್ಯಾಲ ರಕ್ತ ನಿಂದರ್ಸಾಕ ಕೊಡೂ ಒಂದು ಇಂಜೆಕ್ಷನ್ ದಮ್ಮಿನವ್ರಿಗೆ ಆಗಂಗಿಲ್ಲ, ಬ್ಯಾರೆ ಅದಾವು, ಅವ್ರಿಗೆ ಗೊತ್ತಿರಬೇಕಷ್ಟ. ಬಾಣಂತನಕ್ಕ ಇಲ್ಲಿಗೇ ಬರಾಕಿ ಹೌದಲ್ಲ, ಈ ಮನ್ಯಾಗ ಲೋಬಾನ ಹೊಗಿ ಹಾಕಂಗಿಲ್ಲ ಅಂತ ನಿಮ್ಮವ್ವ ಆಗ್ಲೇ ಸಾರ್ಯಾಳ. ನಿಮ್ಮಜ್ಜಿ ಇದ್ದಿದ್ರ ಇದಕ್ಕ ದೊಡ್ಡ ಜಗಳ ಆಕ್ಕಿತ್ತು.

ಕುಬಸಕ್ಕ ಎಲ್ಲಾರೂ ಬರ್ತೀವಿ, ಅದಕ್ಕಿಂತ ಮೊದಲ ಈ ರವಿವಾರ ನಾ ಒಬ್ಬಾವ ಬರ್ತೀನಿ. ಜಳಕಾ ಮಾಡಿ, ಪ್ಯಾಟಿಗೆ ಹಾಕ್ಕೊಳ್ಳದ ಅಂಗಿ ಹಾಕ್ಕೊಂಡ ಬರ್ತೀನಿ. ನಿಮ್ಮತ್ತಿ ಕೇಳಿದ ಡಬ್ಬಿ ಜಾತಿ ಮೆಣಸಿನಕಾಯಿ ಇಲ್ಲೇ ಗಿರಣ್ಯಾಗ ಕುಟ್ಟಿಸಿ ಖಾರಪುಡಿ ಮಾಡಿ ಮೂರು ಪದರ ಪ್ಲಾಸ್ಟಿಕ್‌ನ್ಯಾಗ ಕಟ್ಟೀನಿ, ಅಳಿಯಂದ್ರು ಬಿಚ್ಚಿ ಬರಣ್ಯಾಗ ಹಾಕ್ಲಿ, ನೀ ಅಷ್ಟೊತ್ತು ಹೊರಗ ಕಟ್ಟಿ ಮ್ಯಾಲ ನನ್ನ ಕೂಡ ಕುಂದ್ರು.

ನಿಮ್ಮಪ್ಪ