ಮಗಳಿಗೊಂದು ಪತ್ರ: ಯೀಸ್ಟಿನ ಗೋಡೆಗೆ ಪೆಟ್ಟು ಬಿದ್ದಾಗ

ಪ್ರೀತಿಯ ಪುಟ್ಟಿ,

ಯೀಸ್ಟ್ ಕೋಶದ ಗೋಡೆ ಹಾಳಾದಾಗ ಒಳಗೆ ಸುದ್ದಿ ಹೇಗೆ ದಾಟುತ್ತದೆ ಅನ್ನುವ ನಿನ್ನ ಪ್ರಾಜೆಕ್ಟಿನ ಚಿತ್ರ ನೋಡಿದೆ. ಒಂದು ಬಾಣ, ಒಂದು ಹೆಸರು, ಮತ್ತೆ ಬಾಣ. ಬಾಯಿಪಾಠ ಮಾಡಿದರೆ ವೈವಾ ಪಾಸಾಗುತ್ತೀಯ ಬಿಡು. ಆದರೆ ಗೋಡೆ ಹಾಳಾಗಿದೆ ಅಂತ ಯೀಸ್ಟಿಗೆ ಗೊತ್ತಾಗುವುದಾದರೂ ಹೇಗೆ? ನಿನ್ನ ಚಿತ್ರದಲ್ಲಿ ಅದೇ ಇಲ್ಲ.

ಕೋಶದ ಒಳಗಿನ ಒತ್ತಡ ಸದಾ ಹೊರಗೆ ತಳ್ಳುತ್ತಿರುತ್ತದೆ. ಗೋಡೆ ಅದನ್ನು ತಡೆದು ಹಿಡಿದಿರುತ್ತದೆ. ಗೋಡೆ ಸಡಿಲವಾದರೆ ಒಳಪೊರೆ ಹಿಗ್ಗುತ್ತದೆ. ಡಬ್ಲ್ಯುಎಸ್‌ಸಿ1 ಅನ್ನುವ ಪ್ರೋಟೀನಿನ ಒಂದು ತುದಿ ಗೋಡೆಯಲ್ಲಿದೆ, ಇನ್ನೊಂದು ತುದಿ ಪೊರೆ ದಾಟಿ ಒಳಗಿದೆ. ನಡುವಿನ ಭಾಗಕ್ಕೆ ಸಕ್ಕರೆಯ ಅಣುಗಳು ಒತ್ತಾಗಿ ಅಂಟಿಕೊಂಡಿರುವುದರಿಂದ ಅದು ಸೆಟೆದು ನಿಂತಿರುತ್ತದೆ. 2009ರಲ್ಲಿ ಪರಮಾಣು ಬಲ ಸೂಕ್ಷ್ಮದರ್ಶಕದ ಸೂಜಿಯಿಂದ ಇದನ್ನು ಎಳೆದು ನೋಡಿದರು. ಥೇಟ್ ಸ್ಪ್ರಿಂಗಿನ ಹಾಗೆ ಹಿಗ್ಗಿತು! ಅಂದರೆ ಕೋಶ ಪೆಟ್ಟನ್ನು ನೇರವಾಗಿ ನೋಡುವುದಿಲ್ಲ, ಎಳೆತವನ್ನು ಗುರುತಿಸುತ್ತದೆ. ಬಿಸಿಯಾದರೂ, ಔಷಧಿ ಹಾಕಿದರೂ, ಗೋಡೆಯನ್ನು ಕೆಡಿಸುವ ಕಾಂಗೋ ರೆಡ್ ಬಣ್ಣ ಹಾಕಿದರೂ ಒಂದೇ ಗಂಟೆ ಬಾರಿಸುವುದು ಅದಕ್ಕೇ ಅಂತ ನನಗನಿಸುತ್ತದೆ.

ಆಮೇಲೆ ಸುದ್ದಿ ಕೋಶದೊಳಗಿನ ರೋ1 ಅನ್ನುವ ಪ್ರೋಟೀನಿಗೆ ಮುಟ್ಟುತ್ತದೆ. ನನಗೆ ಇದರ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ. ಗೋಡೆಯ ಮುಖ್ಯ ಸಾಮಾನು ಗ್ಲೂಕನ್. ಅದನ್ನು ನೇಯುವ ಕಿಣ್ವಕ್ಕೆ ಚಾಲನೆ ಕೊಡುವುದು ಈ ರೋ1. ಪಿಕೆಸಿ1 ಅನ್ನುವ ಇನ್ನೊಂದು ಪ್ರೋಟೀನಿನ ಮೂಲಕ ಸುದ್ದಿಯನ್ನು ಮುಂದಕ್ಕೆ ಕಳಿಸುವುದೂ ಇದೇ. ಸುದ್ದಿ ಕೈಯಿಂದ ಕೈಗೆ ದಾಟಿ ಎಸ್‌ಎಲ್‌ಟಿ2 ಅನ್ನುವ ಪ್ರೋಟೀನನ್ನು ತಲುಪುತ್ತದೆ. ಅದು ಗೋಡೆ ರಿಪೇರಿಯ ಜೀನ್‌ಗಳನ್ನು ಎಬ್ಬಿಸುತ್ತದೆ. ಹೊಸ ಕೋಶವಾಗಿ ಬೆಳೆಯುವ ಮೊಗ್ಗಿನ ಕಡೆಗೆ ಹೋಗುತ್ತಿದ್ದ ಸಾಮಗ್ರಿ ಸ್ವಲ್ಪ ಹೊತ್ತು ಕೋಶದ ಸುತ್ತಲೂ ಹಂಚಿಹೋಗುತ್ತದೆ. ಬೆಳೆಯುವುದು ಆಮೇಲೆ, ಮೊದಲು ಉಳಿಯಬೇಕು ಅಲ್ವಾ?

ಶಿಲೀಂಧ್ರ ಕೊಲ್ಲುವ ಔಷಧಿ ಕ್ಯಾಸ್ಪೊಫಂಗಿನ್ ಹಾಕಿದ ಪ್ಲೇಟಿನಲ್ಲೂ ಒಂದಷ್ಟು ಕೋಶ ಉಳಿದವು ಅಂದೆಯಲ್ಲ, ಅದಕ್ಕೂ ಇದಕ್ಕೂ ನಂಟಿರಬಹುದು. ಆ ಔಷಧಿ ಗ್ಲೂಕನ್ ನೇಯುವ ಕಿಣ್ವವನ್ನೇ ತಡೆಯುತ್ತದೆ. ನಮ್ಮ ಕೋಶಗಳಿಗೆ ಗೋಡೆಯೇ ಇಲ್ಲವಲ್ಲ, ಹಾಗಾಗಿ 2001ರಿಂದ ರೋಗಿಗಳಿಗೂ ಕೊಡುತ್ತಿದ್ದಾರೆ. ಆದರೆ ಗ್ಲೂಕನ್ ಸಿಗದಾಗ ಯೀಸ್ಟ್ ಗೋಡೆಯ ಇನ್ನೊಂದು ಸಾಮಾನಾದ ಕೈಟಿನ್ ತುಂಬಿಸಿಕೊಳ್ಳುತ್ತದೆ. ಮಾಮೂಲಿ ದಿನಗಳಲ್ಲಿ ಗೋಡೆಯ ಶೇ 1–2ರಷ್ಟಿರುವ ಕೈಟಿನ್, ಪೆಟ್ಟು ಬಿದ್ದಾಗ ಹಲವು ಪಟ್ಟು ಏರುತ್ತದೆ. ರೋಗ ತರುವ ಕ್ಯಾಂಡಿಡಾ ಯೀಸ್ಟ್ ಕೂಡ ಹೀಗೇ ಮಾಡಿ ಔಷಧಿಯನ್ನು ತಡೆದುಕೊಳ್ಳುವುದನ್ನು ಲ್ಯಾಬುಗಳಲ್ಲಿ ಕಂಡಿದ್ದಾರೆ. ನಿನ್ನ ಕೋಶಗಳಿಗೆ ಕೈಟಿನ್‌ಗೆ ಅಂಟಿ ಹೊಳೆಯುವ ಕ್ಯಾಲ್ಕೊಫ್ಲೋರ್ ಬಣ್ಣ ಹಾಕಿ ನೋಡು. ಕೈಟಿನ್ ಹೆಚ್ಚಿದ್ದರೆ ಹೊಳಪೂ ಹೆಚ್ಚಿರುತ್ತದೆ.

ಇನ್ನೊಂದು ಪ್ಲೇಟ್ ಹಾಕು. ಎಸ್‌ಎಲ್‌ಟಿ2ರ ಜೀನ್ ತೆಗೆದ ಯೀಸ್ಟ್ ತಳಿಯನ್ನು 37 ಡಿಗ್ರಿಯಲ್ಲಿಟ್ಟರೆ ಕೋಶಗಳು ಒಡೆದುಹೋಗುತ್ತವೆ. ಕೋಶ ಬೆಳೆಸುವ ಮಾಧ್ಯಮಕ್ಕೆ 1 ಮೋಲಾರ್ ಸಾರ್ಬಿಟಾಲ್ (ಸಕ್ಕರೆಯಂಥ ವಸ್ತು) ಸೇರಿಸಿದರೆ ಅದೇ ತಳಿ ಬದುಕುತ್ತದೆ. ಯಾಕೆ ಅಂತ ನಾನು ಹೇಳುವುದಿಲ್ಲ. ಒಳಗಿನ ಒತ್ತಡದ ಬಗ್ಗೆ ಬರೆದಿದ್ದೀನಲ್ಲ, ಯೋಚಿಸಿ ಭಾನುವಾರ ಫೋನ್ ಮಾಡು.

ನಿನ್ನ
ಅಮ್ಮ