ವೆಬ್ ತರಗತಿಗಳಲ್ಲಿ ಇನ್ನೂ ಪಿಎಚ್‌ಪಿ 4ರ ಪಾಠ ಬೇಡ

ಮಾನ್ಯ ಸಂಪಾದಕರೇ,

ಮುಂಬಯಿಯ ಕನ್ನಡ ಸಂಘಗಳಲ್ಲಿ ಸದಸ್ಯರ ದಾಖಲೆಗೆ, ವಂತಿಗೆ ರಶೀದಿಗೆ ನಮ್ಮ ಹುಡುಗ ಹುಡುಗಿಯರೇ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೆಬ್‌ಸೈಟ್ ಬರೆದುಕೊಡುತ್ತಿರುವುದು ಸಂತೋಷದ ಸಂಗತಿ. ಆದರೆ ಅವರಿಗೆ ಸಿಗುವ ಕ್ಲಾಸ್ (ಸದಸ್ಯ, ರಶೀದಿ ಮುಂತಾದವುಗಳ ಅಚ್ಚು), ಆಬ್ಜೆಕ್ಟ್ (ಆ ಅಚ್ಚಿನಿಂದ ಮಾಡಿದ ಒಂದೊಂದು ದಾಖಲೆ) ಪಾಠ ಹಲವೆಡೆ ಇನ್ನೂ ಪಿಎಚ್‌ಪಿ 4ರ ಕಾಲದ್ದು. 2004ರಲ್ಲಿ ಆವೃತ್ತಿ 5 ಬಂದಾಗಲೇ ಹಳತಾದ ಆ ಟಿಪ್ಪಣಿಗಳನ್ನು ಕಲಿಸುವವರು ದಯವಿಟ್ಟು ಬದಲಾಯಿಸಬೇಕು.

ಆ ಪಾಠದ ಪ್ರಕಾರ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಮಾಡುವಾಗ ತಾನಾಗಿ ಓಡಿ ಅದರ ವಿವರ ತುಂಬುವ ಭಾಗ) ಎಂದರೆ ಕ್ಲಾಸಿನ ಹೆಸರನ್ನೇ ಇಟ್ಟುಕೊಂಡ ಫಂಕ್ಷನ್: 'ಸದಸ್ಯ' ಕ್ಲಾಸಿನೊಳಗೆ 'ಸದಸ್ಯ' ಫಂಕ್ಷನ್. ಪಿಎಚ್‌ಪಿ 7 ಇದಕ್ಕೆ ಎಚ್ಚರಿಕೆಯನ್ನಾದರೂ ಕೊಡುತ್ತಿತ್ತು. 2020ರ ಆವೃತ್ತಿ 8ರಲ್ಲಿ ಅದು ಬರೀ ಮಾಮೂಲಿ ಫಂಕ್ಷನ್, ತಾನಾಗಿ ಓಡುವುದಿಲ್ಲ. ದೋಷವೂ ಕಾಣುವುದಿಲ್ಲ. ಆಬ್ಜೆಕ್ಟ್ ಮಾಡುವಾಗ ಕೊಟ್ಟ ಹೆಸರು, ಮೊತ್ತ ಸದ್ದಿಲ್ಲದೆ ಬಿದ್ದುಹೋಗಿ ರಶೀದಿಯಲ್ಲಿ ಹೆಸರಿನ ಜಾಗ ಖಾಲಿ ಉಳಿಯುತ್ತದೆ. ಬರವಣಿಗೆಯ ತಪ್ಪು ಹುಡುಕುವ ಸಿಂಟ್ಯಾಕ್ಸ್ ಪರೀಕ್ಷೆಯೂ ಇದನ್ನು ಹಿಡಿಯದು. 7.4ಕ್ಕೆ ಭದ್ರತಾ ತಿದ್ದುಪಡಿಗಳು 2022ರ ನವೆಂಬರ್‌ನಲ್ಲೇ ನಿಂತಿರುವುದರಿಂದ ಹಳೆಯ ಆವೃತ್ತಿಯಲ್ಲೇ ಉಳಿಯುವುದೂ ದಾರಿಯಲ್ಲ. ಎರಡು ಅಂಡರ್‌ಸ್ಕೋರ್ ಹಾಕಿದ 'ಕನ್‌ಸ್ಟ್ರಕ್ಟ್' ಎಂಬ ಹೆಸರನ್ನೇ ಮೊದಲ ದಿನದಿಂದ ಕಲಿಸಲಿ.

ಜೊತೆಗೆ ಪ್ರತಿ ಪ್ರಾಪರ್ಟಿಗೂ (ಆಬ್ಜೆಕ್ಟಿನೊಳಗಿನ ಒಂದೊಂದು ವಿವರಕ್ಕೂ) ಟೈಪ್, ಅಂದರೆ ಅದು ಯಾವ ಬಗೆಯ ಮಾಹಿತಿ ಎಂದು ಬರೆಯುವ ರೂಢಿ ಆಗಲಿ; 7.4ರಿಂದ ಆ ಸೌಲಭ್ಯವಿದೆ. ಹೆಸರಿಗೆ 'ಸ್ಟ್ರಿಂಗ್' (ಪಠ್ಯ), ಬಾಕಿಗೆ 'ಇಂಟ್' (ಹಣವನ್ನು ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿಡಬೇಕು, ದಶಮಾಂಶದ ಫ್ಲೋಟ್ ಬೇಡ) ಎಂದು ಬರೆದಿದ್ದರೆ, ಏನೂ ತುಂಬದ ಪ್ರಾಪರ್ಟಿಯನ್ನು ಓದಹೋದ ಸಾಲಿನಲ್ಲೇ ಪ್ರೋಗ್ರಾಂ ನಿಲ್ಲುತ್ತದೆ. ಖಾಲಿ ರಶೀದಿ ಸದಸ್ಯರ ಕೈ ಸೇರುವುದಿಲ್ಲ. ಹಾಗೆಯೇ ಪ್ರಾಪರ್ಟಿಯ ಮುಂದೆ ಹಳೆಯ 'ವಾರ್' ಬಿಟ್ಟು 'ಪ್ರೈವೇಟ್' (ಕ್ಲಾಸಿನ ಒಳಗಿನಿಂದ ಮಾತ್ರ ಮುಟ್ಟಬಹುದಾದದ್ದು) ಬರೆಯಬೇಕು. 'ವಾರ್' ಎಂದರೆ 'ಪಬ್ಲಿಕ್' ಎಂದೇ ಅರ್ಥ. ಯಾವ ಪುಟದಿಂದ ಬೇಕಾದರೂ ಬಾಕಿಯನ್ನು ತಿದ್ದಬಹುದು. ರಶೀದಿ ಸಂಖ್ಯೆಯಂತೆ ಒಮ್ಮೆ ಬರೆದ ಮೇಲೆ ಬದಲಾಗಬಾರದ್ದಕ್ಕೆ 8.1ರ 'ರೀಡ್‌ಓನ್ಲಿ' ಇದೆ.

ಇನ್‌ಹೆರಿಟೆನ್ಸ್ (ಒಂದು ಕ್ಲಾಸಿನಿಂದ ಇನ್ನೊಂದನ್ನು ಹುಟ್ಟಿಸುವುದು) ಪಾಠದ ಉದಾಹರಣೆಗಳೇ ಹೆಚ್ಚು ಹಾನಿ ಮಾಡುತ್ತವೆ. 'ಸದಸ್ಯ'ನಿಂದ 'ಆಜೀವ ಸದಸ್ಯ' ಎಂಬ ಕ್ಲಾಸನ್ನು ಹುಟ್ಟಿಸುವುದು ನೋಡಲು ಸರಿ. ಆದರೆ ತಾಯಿ ಕ್ಲಾಸಿನಲ್ಲಿರುವ ವಾರ್ಷಿಕ ನವೀಕರಣ ಆಜೀವ ಸದಸ್ಯರಿಗೆ ಬೇಡವೇ ಬೇಡ. ಮೇಲಾಗಿ ಸಾಮಾನ್ಯ ಸದಸ್ಯರೊಬ್ಬರು ಹಣ ಕಟ್ಟಿ ಆಜೀವ ಸದಸ್ಯರಾದರೆ ಏನು ಮಾಡುವುದು? ಇರುವ ಆಬ್ಜೆಕ್ಟ್ ತನ್ನ ಕ್ಲಾಸನ್ನು ಬದಲಾಯಿಸಲಾರದು. ಹೊಸದು ಮಾಡಿ ಹಳೆಯದರ ವಿವರವನ್ನೆಲ್ಲ ತುಂಬಿಸಬೇಕು. ಸದಸ್ಯತ್ವದ ಬಗೆ ಸದಸ್ಯರ ಬಳಿ ಇರುವ ಒಂದು ವಿವರವಷ್ಟೇ. ಅದನ್ನು ಈನಮ್ ಆಗಿ (ಗೊತ್ತಾದ ಕೆಲವೇ ಆಯ್ಕೆಗಳ ಪಟ್ಟಿ; ಇದೂ 8.1ರದ್ದು) ಒಂದು ಪ್ರಾಪರ್ಟಿಯಲ್ಲಿಟ್ಟು, 'ನವೀಕರಣ ಬೇಕೇ' ಎಂಬ ಮೆಥಡನ್ನು (ಒಳಗಿನ ಫಂಕ್ಷನ್) ಆ ಈನಮ್‌ನೊಳಗೇ ಬರೆದರೆ ಬಗೆ ಬದಲಾದಾಗ ತಿದ್ದುವುದು ಒಂದೇ ಸಾಲು.

ಪ್ರತಿ ಮಾಡುವ ವಿಷಯವನ್ನೂ ಹೇಳಲೇಬೇಕು. ಪಿಎಚ್‌ಪಿ 4ರಲ್ಲಿ ಒಂದು ಆಬ್ಜೆಕ್ಟನ್ನು ಇನ್ನೊಂದು ವೇರಿಯಬಲ್‌ಗೆ ಕೊಟ್ಟರೆ ಪ್ರತಿ ಆಗುತ್ತಿತ್ತು. 5ರಿಂದ ಎರಡು ಹೆಸರೂ ಒಂದೇ ಆಬ್ಜೆಕ್ಟನ್ನು ತೋರಿಸುತ್ತವೆ. ಹಿಂದಿನ ವರ್ಷದ ದಾಖಲೆಯನ್ನು ಹೀಗೆ ಹೊಸ ಹೆಸರಿಗೆ ಕೊಟ್ಟು ಈ ವರ್ಷಕ್ಕೆಂದು ತಿದ್ದಿದರೆ ಹಿಂದಿನ ವರ್ಷದ್ದೂ ಬದಲಾಗುತ್ತದೆ. ಪ್ರತಿ ಮಾಡುವ 'ಕ್ಲೋನ್' ಬಳಸಿದರೂ ಒಳಗಿನ ವಿಳಾಸದ ಆಬ್ಜೆಕ್ಟ್ ಎರಡಕ್ಕೂ ಒಂದೇ ಆಗಿರುತ್ತದೆ. ಅದಕ್ಕೆ ಕ್ಲಾಸಿನಲ್ಲಿ ಎರಡು ಅಂಡರ್‌ಸ್ಕೋರ್‌ನ 'ಕ್ಲೋನ್' ಮೆಥಡ್ ಬರೆದು ವಿಳಾಸವನ್ನೂ ಪ್ರತಿ ಮಾಡಬೇಕು. ದಿನಾಂಕಕ್ಕೆ ಮುಂದೆ ಬದಲಾಗದ 'ಡೇಟ್‌ಟೈಮ್ ಇಮ್ಯೂಟಬಲ್' ಬಳಸಿದರೆ ಈ ತಾಪತ್ರಯವಿಲ್ಲ.

ಕನ್ನಡದಲ್ಲಿ ಹೆಸರು ಸ್ವೀಕರಿಸುವವರು ಉದ್ದ ಅಳೆಯಲು 'ಎಂಬಿ ಸ್ಟ್ರ್‌ಲೆನ್' ಬಳಸಲಿ. 'ಕನ್ನಡ' ಎಂಬ ಪದಕ್ಕೆ ಬರೀ 'ಸ್ಟ್ರ್‌ಲೆನ್' 15 ಎನ್ನುತ್ತದೆ, ಏಕೆಂದರೆ ಅದು ಎಣಿಸುವುದು ಬೈಟುಗಳನ್ನು. ಸರಿಯಾದ ಎಣಿಕೆ 5, ಅರ್ಧಾಕ್ಷರದ ಗುರುತೂ ಸೇರಿ.

ಈಗಾಗಲೇ ಸೈಟ್ ಇರುವ ಸಂಘಗಳು ಹೋಸ್ಟಿಂಗ್‌ನವರು ಆವೃತ್ತಿ ಏರಿಸುವ ಮೊದಲೇ ಅದರ ಒಂದು ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ಪಿಎಚ್‌ಪಿ 8ರ ಮೇಲೆ, ಎಲ್ಲ ಎಚ್ಚರಿಕೆಗಳನ್ನೂ ತೋರಿಸುವಂತೆ ಇಟ್ಟು ಓಡಿಸಿ, ಒಂದೊಂದು ಬಗೆಯ ರಶೀದಿಯನ್ನೂ ತೆಗೆದು ನೋಡಲಿ.

– ವೆಬ್ ಪ್ರೋಗ್ರಾಮಿಂಗ್ ಕಲಿಸುವ ಕೆಲವು ಓದುಗರು, ಡೊಂಬಿವಲಿ