ಮೀನು ಎಣಿಸೋಕೆ ಬಂದರೆ ಸಾಲದು ಮಗಳೇ

ಪ್ರೀತಿಯ ಮಗಳೇ,

ಕಡಲ ಜೀವಶಾಸ್ತ್ರ ಓದ್ತೀನಿ ಅಂದೆ, ಖುಷಿಯಾಯಿತು. ಆದರೆ ಅದರ ಹಿಂದೆಯೇ 'ಕಾನೂನು, ಸಭೆ, ರಾಜಕೀಯ ಎಲ್ಲ ಬೇಡ, ನನಗೆ ಸಮುದ್ರ ಸಾಕು' ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕ್ತೀಯ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಏನಾಯಿತು ಅಂತ ಕೇಳು. ಅಲ್ಲಿ ಕಾಡ್ ಅನ್ನೋ ಮೀನನ್ನು ಸುಮಾರು 500 ವರ್ಷ ಹಿಡಿದರು. 1977ರಲ್ಲಿ ಕೆನಡಾ ತೀರದಿಂದ 200 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆಯನ್ನು ತನ್ನ ಹಿಡಿತಕ್ಕೆ ತಗೊಂಡಿತು. ಹೊರದೇಶದ ಹಡಗುಗಳು ಬಹುಪಾಲು ಜಾಗ ಖಾಲಿ ಮಾಡಿದವು, ಸ್ವಂತ ಟ್ರಾಲರ್‌ಗಳು, ಅಂದರೆ ದೊಡ್ಡ ಬಲೆ ಎಳೆದುಕೊಂಡು ಹೋಗುವ ಹಡಗುಗಳು, ಬಂದು ತುಂಬಿದವು. ಎಷ್ಟು ಮೀನಿದೆ ಅಂತ ಲೆಕ್ಕ ಹಾಕುವಾಗ ವಿಜ್ಞಾನಿಗಳು ಈ ಟ್ರಾಲರ್‌ಗಳಿಗೆ ಸಿಗುತ್ತಿದ್ದ ಮೀನನ್ನೂ ನಂಬಿದರು. ಎಡವಿದ್ದು ಅಲ್ಲೇ. ಮೀನು ಕಮ್ಮಿಯಾದಂತೆ ಉಳಿದವು ಕೆಲವೇ ಕಡೆ ಗುಂಪು ಸೇರುತ್ತಿದ್ದವು. ಸದ್ದಿನ ಅಲೆಯಿಂದ ಮೀನು ಪತ್ತೆಹಚ್ಚುವ ಸೋನಾರ್ ಇದ್ದ ಟ್ರಾಲರ್ ಹುಡುಕಿಕೊಂಡು ಹೋಗಿ ಆ ಗುಂಪಿನಲ್ಲೇ ಬಲೆ ಎಳೆಯುತ್ತಿತ್ತು. ಬಲೆ ತುಂಬಿತ್ತು, ಹಾಗಾಗಿ ಕಾಗದದ ಮೇಲೆ ಸಮುದ್ರವೂ ತುಂಬಿತ್ತು!

ದಡದ ಹತ್ತಿರ ಚಿಕ್ಕ ದೋಣಿಗಳಲ್ಲಿ ಹಿಡಿಯುವವರು 80ರ ದಶಕದಲ್ಲೇ ಮೀನು ಸಣ್ಣದಾಗ್ತಿದೆ, ಸಿಗೋದೇ ಕಮ್ಮಿ ಅಂತ ಬಾಯಿ ಬಡಿದುಕೊಂಡರು. ಕಿವಿಗೆ ಹಾಕಿಕೊಂಡವರು ಕಡಿಮೆ. ಕೊನೆಗೆ ವಿಜ್ಞಾನಿಗಳು ಲೆಕ್ಕ ತಿದ್ದಿ, ಹಿಡಿಯುವ ಮಿತಿಯನ್ನು ಚೆನ್ನಾಗಿ ಇಳಿಸಿ ಅಂದರು. ಸರ್ಕಾರ ಅರ್ಧಂಬರ್ಧ ಇಳಿಸಿತು. ಜನರ ಕೆಲಸ ಹೋಗುತ್ತೆ ಅನ್ನೋ ಭಯ. 1992ರ ಜುಲೈನಲ್ಲಿ ಪೂರ್ತಿ ನಿಲ್ಲಿಸಬೇಕಾಯಿತು, ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆ ಅಂತ ಹೇರಿದ ನಿಷೇಧವನ್ನು ತೆಗೆದದ್ದು 2024ರಲ್ಲಿ. ಅದೂ ಅವಸರವಾಯಿತು ಅನ್ನುವವರಿದ್ದಾರೆ.

ನೋಡು, ಗೊತ್ತಿದ್ದವರು ಇದ್ದರು, ಎಣಿಸುವವರು ಇದ್ದರು, ನಿಯಮ ಮಾಡುವವರೂ ಇದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾದ ಹೊತ್ತಿಗೆ ಮುಟ್ಟಲಿಲ್ಲ ಅಷ್ಟೆ.

ಮುಟ್ಟಿದಾಗ ಏನಾಗುತ್ತೆ ಅಂತಲೂ ಹೇಳಬೇಕಲ್ವಾ? ನೈಋತ್ಯ ಅಟ್ಲಾಂಟಿಕ್‌ನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು 1950ರ ದಶಕದಲ್ಲಿ 450ರ ಆಸುಪಾಸಿಗೆ ಇಳಿದಿದ್ದವು. ದೇಶಗಳು ಕೂತು ಜಗಳವಾಡಿ ಬೇಟೆಗೆ ತಡೆ ಹಾಕಿದವು. ಈಗ ಅಲ್ಲಿ ಸುಮಾರು 25,000 ಇವೆ.

ನಿನಗೆ ಇಷ್ಟವಾಗೋ ಆರ್ಗೋ ಯಂತ್ರಗಳನ್ನೇ ತಗೋ. ಹೆಚ್ಚುಕಮ್ಮಿ ಆಳೆತ್ತರದ ಕೊಳವೆ. 1000 ಮೀಟರ್ ಕೆಳಗೆ ಹೋಗಿ ಸುಮ್ನೆ ತೇಲುತ್ತಾ ಇರುತ್ತದೆ. ಹತ್ತು ದಿನಕ್ಕೊಮ್ಮೆ 2000 ಮೀಟರ್‌ವರೆಗೆ ಇಳಿದು, ನೀರಿನ ಬಿಸಿ, ಉಪ್ಪು ಅಳೆಯುತ್ತಾ ಮೇಲೆ ಬಂದು, ಉಪಗ್ರಹಕ್ಕೆ ವರದಿ ಕಳಿಸಿ ಮತ್ತೆ ಮುಳುಗುತ್ತದೆ. ಇಂಥವು ಸುಮಾರು 4,000 ಇವೆ. ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಉಳಿದುಕೊಂಡ ಹೆಚ್ಚುವರಿ ಬಿಸಿಯಲ್ಲಿ ನೂರಕ್ಕೆ 90 ಭಾಗ ಸಮುದ್ರಕ್ಕೇ ಹೋಗಿದೆ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಕೊಟ್ಟಿರೋದು ಇವೇ. ಆದರೆ ಇವುಗಳ ಬ್ಯಾಟರಿ ಕೆಲವೇ ವರ್ಷ ಬರುತ್ತೆ. ಹೊಸದು ಬಿಡ್ತಾ ಇರಬೇಕು. ಅದಕ್ಕೆ ದುಡ್ಡು ಯಾವುದೋ ಬಜೆಟ್ ಸಭೆಯಲ್ಲಿ ಮಂಜೂರಾಗಬೇಕು. ನೀನು ಬೇಡ ಅಂದ ಸಭೆಯಲ್ಲೇ.

ಇನ್ನೊಂದು. ಯಾವ ದೇಶಕ್ಕೂ ಸೇರದ ಕಡಲು ಇದೆಯಲ್ಲ, ಒಟ್ಟು ಸಮುದ್ರದ ಸುಮಾರು ಮೂರರಲ್ಲಿ ಎರಡು ಪಾಲು, ಅದರ ಜೀವಿಗಳನ್ನು ಕಾಯುವ ಒಪ್ಪಂದಕ್ಕೆ ಹತ್ತಿರಹತ್ತಿರ 20 ವರ್ಷ ಮಾತುಕತೆ ನಡೆಯಿತು. 2023ರ ಮಾರ್ಚ್‌ನಲ್ಲಿ ಕೊನೆಯ ಸುತ್ತು ರಾತ್ರಿಯೆಲ್ಲ ಎಳೆಯಿತು. ಅಧ್ಯಕ್ಷತೆ ವಹಿಸಿದ್ದ ಸಿಂಗಾಪುರದ ರೆನಾ ಲೀ 'ಹಡಗು ದಡ ಮುಟ್ಟಿದೆ' ಅಂದಾಗ ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. 60 ದೇಶಗಳು ಅನುಮೋದಿಸಿ, 2026ರ ಜನವರಿ 17ಕ್ಕೆ ಅದು ಜಾರಿಗೆ ಬಂತು. ಇನ್ನು ಯಾವ ಜಾಗ ಕಾಯಬೇಕು ಅಂತ ಒಂದೊಂದಾಗಿ ತೀರ್ಮಾನವಾಗಬೇಕು. ಕಡಲಡಿಯ ಈ ಗುಡ್ಡದ ಸುತ್ತ ಬಲೆ ಬೇಡ, ಯಾಕೆಂದರೆ ಇಲ್ಲಿ ಇಂಥ ಹವಳ ಇದೆ ಅಂತ ನಕ್ಷೆ ಹಿಡಿದು ಯಾರಾದರೂ ಎದ್ದು ನಿಂತು ವಾದಿಸಬೇಕು. ಆ ಹವಳ ಕಣ್ಣಾರೆ ನೋಡಿದವರೇ ಆದರೆ ಇನ್ನೂ ಒಳ್ಳೇದು.

ಅರ್ಜಿಯಲ್ಲಿ ಐಚ್ಛಿಕ ವಿಷಯಗಳ ಪಟ್ಟಿ ಇರುತ್ತದೆ. ಕಡಲ ಕಾನೂನು ಇದ್ದರೆ ಟಿಕ್ ಹಾಕು. ತೀರಾ ಬೋರ್ ಹೊಡೆಸಿದರೆ ನನಗೆ ಬೈ, ಬೈಸಿಕೊಳ್ತೀನಿ.

ನಿನ್ನ
ಅಪ್ಪ